ಒಂದೇ ದ್ರಾವಣ, ಎರಡು ಹರಳು

ಬೆಳಗಿನ ಆರು ಗಂಟೆ. ರಸಾಯನ ಪ್ರಯೋಗಾಲಯದಲ್ಲಿ, ಎಲ್ಲರೂ ಹರಳಕ್ಕ ಎಂದೇ ಕರೆಯುವ ಹೆಂಗಸು ಟಾರ್ಚ್ ಹಿಡಿದು ಸೀಸೆಗಳ ಮುಂದೆ ಬಗ್ಗಿ ನಿಂತಿದ್ದಾರೆ. ಬೆರಳುದ್ದದ ಇನ್ನೂರ ನಲವತ್ತು ಸೀಸೆಗಳು. ಒಂದನ್ನೂ ಅಲುಗಿಸುವಂತಿಲ್ಲ, ಅಲುಗಿದರೆ ಬೆಳೆಯುತ್ತಿರುವ ಹರಳು ಹದಗೆಡುತ್ತದೆ. ಅವರ ಬಗ್ಗೆ ಬರೆಯಲು ಬಂದಿರುವ ನಾನು ಮೇಜಿಗೆ ಮೊಣಕೈ ಊರುತ್ತೇನೆ. ಅವರು ಒಮ್ಮೆ ನೋಡುತ್ತಾರೆ, ಅಷ್ಟೇ. ಮೊಣಕೈ ತಾನಾಗಿ ಮೇಲೇಳುತ್ತದೆ.

ಇಪ್ಪತ್ತೆರಡು ವರ್ಷದ ಹಿಂದೆ ಇಲ್ಲಿಗೆ ಗಾಜು ತೊಳೆಯಲು ಬಂದವರು ಇವರು. ಓದಿದ್ದು ಹತ್ತನೇ ತರಗತಿ. ಗಂಡ ಹಾಸಿಗೆ ಹಿಡಿದಿದ್ದ ಐದು ವರ್ಷವೂ ಅವರಿಗೆ ಉಣಿಸಿ, ಮಗಳ ಜಡೆ ಹೆಣೆದು, ಆರಕ್ಕೆ ಸರಿಯಾಗಿ ಇಲ್ಲಿರುತ್ತಿದ್ದರು. ನೋಡಿ ನೋಡಿಯೇ ಕೆಲಸ ಕಲಿತರು.

ಲೋಹಕ್ಕೆ ಕೈಚಾಚುವ ಇಂಗಾಲದ ಅಣುಗಳನ್ನು ಬೆರೆಸಿ ಹರಳು ಬೆಳೆಸುವುದು ಇಲ್ಲಿನ ಕೆಲಸ. ಓದಿದವರು ಆ ಅಣುಗಳನ್ನು ಲಿಗ್ಯಾಂಡ್ ಎನ್ನುತ್ತಾರೆ. ಹರಳಕ್ಕ ಹೇಳುವುದು ಇನ್ನೂ ಸುಲಭ: "ಕೆಲವು ಕಡ್ಡಿ ಥರ ಸೆಟೆದುಕೊಂಡಿರ್ತವೆ. ಎಷ್ಟು ಸಲ ಮಾಡಿದ್ರೂ ಅದೇ ಹರಳು. ಕೆಲವು ಸರಪಳಿ ಥರ, ಹೇಗೆ ಬೇಕಾದ್ರೂ ಬಾಗ್ತವೆ. ಅವುಗಳ ಜೊತೆ ಏಗೋದೇ ಕಷ್ಟ."

ಹೋದ ವರ್ಷ ಅಂಥದ್ದೇ ಒಂದು ಬಾಗುವ ಅಣು ಅವರ ಮಾನಕ್ಕೇ ಸಂಚಕಾರ ತಂದಿತು. ಒಂದೇ ದ್ರಾವಣ ತುಂಬಿದ ಹದಿನೆಂಟು ಸೀಸೆಗಳ ಪೈಕಿ ಹನ್ನೆರಡರಲ್ಲಿ ಸೂಜಿಯಂಥ ಹರಳು, ಆರರಲ್ಲಿ ದಪ್ಪ ಚೌಕದ ಹರಳು. ಹರಳಕ್ಕ ಸೀಸೆಗಳಿಗೆ ಅಂಟಿಸಿದ ಹೆಸರಿನ ಚೀಟಿ ಅದಲುಬದಲಾಗಿದೆ ಎಂದರು ತಂಡದ ಮುಖ್ಯಸ್ಥ ಪ್ರೊಫೆಸರ್. ಕಣ್ಣು ಮಂಜಾಗಿರಬೇಕು ಎಂದು ಇನ್ಯಾರೋ ಉಪ್ಪುಖಾರ ಹಚ್ಚಿದರು. ಅವರನ್ನು ಮತ್ತೆ ಗಾಜು ತೊಳೆಯಲು ಹಾಕುವ ಮಾತೂ ನಡೆಯಿತು. ಇಷ್ಟು ವರ್ಷದ ದುಡಿಮೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂದು ಅತ್ತರಂತೆ. ಕೇಳಿ ನನಗೂ ಸಿಟ್ಟು ಬಂತು.

ಎರಡು ದಿನ ಕಳೆದ ಮೇಲೆ ಹರಳಕ್ಕನಿಗೆ ನೆನಪಾಯಿತು. ಅಂದು ಕಪಾಟಿನಲ್ಲಿ ಜಾಗ ಸಾಲದೆ, ಓವನ್‌ನಿಂದ ತೆಗೆದ ಕೊನೆಯ ಆರು ಸೀಸೆಗಳನ್ನು ಬಿಸಿನೀರಿನ ಫ್ಲಾಸ್ಕಿಗೆ ಇಳಿಸಿ ಮುಚ್ಚಳ ಹಾಕಿದ್ದರು. ಅವು ಮಾತ್ರ ನಿಧಾನವಾಗಿ ಆರಿದ್ದವು. ಹರಳಕ್ಕ ಪ್ರೊಫೆಸರನ್ನೇ ಎದುರು ಕೂರಿಸಿಕೊಂಡರು, ಚೀಟಿಗಳನ್ನು ಅಂಟಿಸಲು ಅವರ ಕೈಗೇ ಕೊಟ್ಟರು, ಮೂರು ಸಲ ಮಾಡಿ ತೋರಿಸಿದರು. ಮೂರು ಸಲವೂ ಹೊರಗಿಟ್ಟದ್ದು ಸೂಜಿ, ಫ್ಲಾಸ್ಕಿನದ್ದು ಚೌಕ.

ಎಕ್ಸ್-ರೇ ಯಂತ್ರ ಗುಟ್ಟು ಬಿಚ್ಚಿತು. ಲೋಹ ಅದೇ, ಅಣುವೂ ಅದೇ. ಬೇಗ ಆರಿದಾಗ ಅಣು ಮೈ ಚಾಚಿ ಉದ್ದ ಸಾಲು ಕಟ್ಟಿದೆ, ಸಾವಕಾಶ ಸಿಕ್ಕಾಗ ಬಾಗಿ ಬಲೆ ಹೆಣೆದಿದೆ. ಎರಡು ವರ್ಷದಿಂದ ತಂಡ ಹುಡುಕುತ್ತಿದ್ದದ್ದು ಆ ಬಲೆಯನ್ನೇ.

ಪ್ರೊಫೆಸರ್ ತುಂಬಿದ ಸಭೆಯಲ್ಲಿ ಎದ್ದುನಿಂತು ಕ್ಷಮೆ ಕೇಳಿದರು. ಸಂಶೋಧನಾ ಪ್ರಬಂಧದಲ್ಲಿ ಹರಳಕ್ಕನ ಹೆಸರು ಮೂರನೆಯದು. ಮಗಳು ಆ ಪುಟಕ್ಕೆ ಚೌಕಟ್ಟು ಹಾಕಿಸಲು ಓಡಾಡುತ್ತಿದ್ದಾಳೆ. ಇಷ್ಟು ದೊಡ್ಡದನ್ನು ಕಂಡುಹಿಡಿದಿರಲ್ಲ, ಹೇಗನ್ನಿಸುತ್ತದೆ ಎಂದು ಕೇಳುತ್ತೇನೆ. ಅವರು ಟಾರ್ಚ್ ಆರಿಸಿ ನನ್ನತ್ತ ತಿರುಗುತ್ತಾರೆ.

"ಕಂಡುಹಿಡಿದಿದ್ದೆಲ್ಲ ಓದಿದವ್ರದ್ದೇ ಇರ್ಲಿ. ಚೀಟಿ ತಪ್ಪಾಗಿ ಅಂಟಿಸಿಲ್ಲ ಅಂತ ನಾನು ಹೇಳಿದ್ದೆ. ಅಂಟಿಸಿರ್ಲಿಲ್ಲ."