ಆ ಟಾಪಿಗೆ ತುಕ್ಕು ಹಿಡಿದಿರಲಿಲ್ಲ

ಸಲೀಮ, ನಿಮ್ಮ ಅಬ್ಬಾನ ಕಾರಿನ ಟಾಪಿಗೆ, ತಲೆಯ ಮೇಲಿನ ಆ ತಗಡಿಗೆ, ತುಕ್ಕು ಹಿಡಿದಿರಲಿಲ್ಲ. ಸೂಜಿಮೊನೆಯಷ್ಟೂ ಇರಲಿಲ್ಲ. ಗಟ್ಟಿಯಾಗಿದ್ದ ಟಾಪನ್ನೇ ನಾನು ಕತ್ತರಿಸಿ ತೆಗೆದೆ — ಆಮೇಲೆ ನಿನ್ನ ಮುಖ ನೋಡುತ್ತಲೇ ಸುಳ್ಳು ಹೇಳಿದೆ.

ಕತ್ತರಿಸಿದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗಾದರೂ ಇವನು ಕೈಮುಗಿದಾನು ಎಂದು ನೀನು ಕಾಯುತ್ತ ಓದಬಾರದು. ಸುಳ್ಳಿನ ಮಾತು ಬೇರೆ.

ಇದನ್ನು ನಿನ್ನ ಹೊರತು ಬೇರೆಯವರೂ ಓದಲಿ ಎಂದೇ ಬರೆಯುತ್ತಿದ್ದೇನೆ. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಹೇಳಬೇಕು. ನಿಮ್ಮ ಅಬ್ಬಾ ಹೈದರಾಬಾದಿನಲ್ಲಿ ಒಂದು ಶ್ರೀಮಂತ ಮನೆತನಕ್ಕೆ ಡ್ರೈವರ್ ಆಗಿದ್ದರು. ಆ ಮನೆ ಒಡೆದು ಹೋಳಾದಾಗ, ಯಾರಿಗೂ ಬೇಡವಾಗಿ ಮೂಲೆಯಲ್ಲಿ ನಿಂತಿದ್ದ ಎರಡು ಸೀಟಿನ ವಿಲಾಯತಿ ಸ್ಪೋರ್ಟ್ಸ್ ಕಾರು ಅವರ ಪಾಲಿಗೆ ಬಂತು. ಲಾರಿಯ ಮೇಲೆ ಕಮಠಾಣಕ್ಕೆ ಬಂದು ನಿಮ್ಮ ಮನೆಯ ಹಿಂದಿನ ಬೇವಿನ ಮರದ ಕೆಳಗೆ ನಿಂತಿತು. ಕೋಳಿಗಳು ಅದರಲ್ಲಿ ಮರಿ ಮಾಡಿದವು. ನೀನು ಭಾಲ್ಕಿಯಲ್ಲಿ ಬಟ್ಟೆಯಂಗಡಿ ಇಟ್ಟೆ. ನಿನ್ನ ತಮ್ಮ ಯೂಸುಫ್ ಹೊಲ ನೋಡಿಕೊಂಡು, ಅಬ್ಬಾನನ್ನು ನೋಡಿಕೊಂಡು ಊರಲ್ಲೇ ಉಳಿದ.

ಬೀದರಿನಿಂದ ಜನವಾಡಕ್ಕೆ ಹೋಗುವ ರಸ್ತೆಯಲ್ಲಿರುವ ನನ್ನ ಡೆಂಟಿಂಗ್ ಅಂಗಡಿಗೆ ನೀನು ಆ ಕಾರನ್ನು ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ತಂದಿಳಿಸಿದ ದಿನ ಹೇಳಿದ್ದು ನೆನಪಿದೆ.

“ಪ್ರಭಾಕರ, ಅಬ್ಬಾ ಒಮ್ಮಿ ಇದರಾಗ ಕೂಡಬೇಕು ನೋಡಪ್ಪ. ಮೊದಲ ಹ್ಯಾಂಗಿತ್ತು ಹಂಗೇ ಮಾಡು. ಒಂದು ಸ್ಕ್ರೂ ಸುದ್ದಾ ಬದಲಿಸಬ್ಯಾಡ.”

ಒಪ್ಪಿಕೊಂಡೆ. ತಳವನ್ನು ನೆಲದ ತೇವ ಪೂರ್ತಿ ತಿಂದುಹಾಕಿತ್ತು. ಬಾಗಿಲುಗಳ ಕೆಳಗಿನ ಅಂಚೂ ಹೋಗಿತ್ತು. ಅವನ್ನೆಲ್ಲ ಕೊಯ್ದು ಹೊಸ ತಗಡು ಬೆಸೆದೆ. ಮಡ್‌ಗಾರ್ಡುಗಳ ತಗ್ಗುಗಳನ್ನು ಒಳಗಿನಿಂದ ಬಡಿದು, ಮೇಲೆ ಅಂಗೈ ಆಡಿಸಿ, ಮತ್ತೆ ಬಡಿದು — ಆ ಮೈಯ ದುಂಡು ಕೈಗೆ ಸಿಕ್ಕುವವರೆಗೂ ಬಿಡಲಿಲ್ಲ. ಕೊನೆಗೆ ಟಾಪಿನ ಬಣ್ಣ ಕೆರೆದೆ. ಕೆಳಗೆ ತಗಡು ಬೆಳಗಿಟ್ಟ ತಟ್ಟೆಯ ಹಾಗಿತ್ತು. ಬೇವಿನ ಮರದ ಕೆಳಗೆ ಅಷ್ಟೊಂದು ಮಳೆಗಾಲ ಕಳೆದ ಗಾಡಿ! ಅದು ಯಾರ ಕೆಲಸ ಎಂದು ನನಗೆ ಗೊತ್ತಾಯಿತು. ವರ್ಷ ವರ್ಷವೂ ಯೂಸುಫ್ ಗಾಡಿಗೆ ಹೊದಿಸಿದ ತಾಡಪತ್ರಿ ಬದಲಿಸಿ, ಗಾಳಿಗೆ ಹಾರದಂತೆ ಮೇಲೆ ಹಳೆ ಟೈರು ಹೇರುತ್ತಿದ್ದ. “ನಮ್ಮ ತಮ್ಮ ಗಾಡಿಗಿ ರಜಾಯಿ ಹೊಚ್ಚ್ಯಾನ” ಎಂದು ನೀನೇ ನಗಾಡುತ್ತಿದ್ದೆ.

ಕೆರೆದ ಟಾಪಿಗೆ ಪ್ರೈಮರ್ ಬಣ್ಣ ಬಳಿದ ಮೇಲೆ ಅಬ್ಬಾ ನಿನ್ನ ಜೊತೆ ನೋಡಲು ಬಂದರು. ಅವರ ಕುತ್ತಿಗೆ ಆಗಲೇ ಗೂಟದಂತಾಗಿತ್ತು, ಬಾಗುತ್ತಿರಲಿಲ್ಲ. ಕಾರಾದರೋ ಅವರ ಸೊಂಟದ ಎತ್ತರಕ್ಕಿಂತ ತುಸು ಮೇಲೆ. ಒಳಗೆ ಕೂರಲು ಹೋದರು, ಟಾಪಿನ ಅಂಚು ಹಣೆಗೆ ಬಡಿಯಿತು, ಟೋಪಿ ಬಿತ್ತು. ಅಡ್ಡ ತಿರುಗಿ ನೋಡಿದರು, ಹಿಂದಾಗಿ ನೋಡಿದರು — ಆಗಲಿಲ್ಲ.

“ಬೇಟಾ, ಇದು ಹರೇದ ಜವಾನರ ಗಾಡಿ. ನಾ ಮಾಜಿ ಜವಾನ” ಎಂದು ನಕ್ಕು, ಹೋಗಿ ಅಂಗಡಿ ಮುಂದಿನ ಹಳೆ ಟೈರಿನ ಮೇಲೆ ಕುಳಿತರು. ಎಲ್ಲರಿಗಿಂತ ಮೊದಲು ನಕ್ಕದ್ದು ಅವರೇ. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

ನೀನೇನಂದೆ? “ಇರಲಿ ಬಿಡು. ಅಬ್ಬಾ ಹೊರಗ ನಿಂತು ನೋಡ್ತಾರ. ಗಾಡಿ ಒರಿಜಿನಲ್ ಇರ್ಬೇಕು. ಹೈದರಾಬಾದದಾಗ ಹಳೆ ಗಾಡಿಗೋಳ ಮೇಳಕ್ಕ ಒಯ್ತೀನಿ.”

ಮರುದಿನ ಬೆಳಿಗ್ಗೆ, ಕೊಯ್ಯುವಾಗ ಗಾಡಿಯ ಮೈ ಮಡಚಿಕೊಳ್ಳದಿರಲೆಂದು ತಾತ್ಕಾಲಿಕವಾಗಿ ಬಾಗಿಲ ಜಾಗಕ್ಕೆ ಅಡ್ಡಲಾಗಿ ಪೈಪು ಬೆಸೆದು, ಗ್ರೈಂಡರ್ ಹಿಡಿದು, ಗಾಜಿನ ಮೇಲಿನಿಂದ ಹಿಂದಿನ ತನಕ ಟಾಪನ್ನು ಕೊಯ್ದೆ. ಅಬ್ಬಾ ಕೇಳಿದ್ದರೇ? ಇಲ್ಲ. ನೀನು ಹೂಂ ಅಂದಿದ್ದೆಯಾ? ಇಲ್ಲ. ಗಾಡಿ ನಿಮ್ಮದು, ಮಾತು ಕೊಟ್ಟವನು ನಾನು. ಎಲ್ಲ ಗೊತ್ತಿದ್ದೇ ಮಾಡಿದೆ.

ನೀನು ಬಂದರೆ ಜಗಳಕ್ಕೆ ನಿಲ್ಲಬೇಕೆಂದು ಮಾತು ಸಿದ್ಧ ಮಾಡಿಟ್ಟಿದ್ದೆ — ಅಪ್ಪ ಮುಖ್ಯವೋ, ಮೇಳ ಮುಖ್ಯವೋ ಎಂದು. ನೀನು ಬಂದೆ, ಜೊತೆಗೆ ನಿನ್ನ ಮಾವ, ಷಡ್ಡಕ, ಯೂಸುಫ್. ಬೋಳು ಗಾಡಿಯನ್ನು ಕಂಡು ನಿನ್ನ ಮುಖ ಹೇಗಾಯಿತೆಂದರೆ — ನನ್ನ ಬಾಯಿಂದ ಬೇರೆಯದೇ ಮಾತು ಬಂತು.

“ತುಕ್ಕು ತಿಂದಿತ್ತಪ್ಪ. ಕೈ ಹಚ್ಚಿದ್ರ ಉದುರಲತ್ತಿತ್ತು. ಗುಜರಿಗಿ ಹಾಕ್ದೆ.”

ನೀನು ತಿರುಗಿದ್ದು ಯೂಸುಫನ ಕಡೆಗೆ. “ನಿನಗ ಒಂದೇ ಕೆಲಸ ಹೇಳಿದ್ನಿ. ತಾಡಪತ್ರಿ ಹೊಚ್ಚೋದು. ಅದೂ ನೀಗಲಿಲ್ಲೇನೋ ನಾಲಾಯಕ?”

“ಭಯ್ಯಾ, ನಾ ಹೊಚ್ಚಿದ್ದೆ.”

“ಹಂಗಾರ ಪ್ರಭಾಕರ ಸುಳ್ಳ ಹೇಳ್ತಾನೇನ್?”

ಯೂಸುಫ್ ನನ್ನನ್ನು ನೋಡಿದ. ನಾನು — ಗ್ರೈಂಡರ್ ಒರೆಸುತ್ತ ನಿಂತೆ.

ಇಂಜಿನ್ ರಿಪೇರಿಯಾದ ಮೇಲೆ ಅಬ್ಬಾ ಆ ಕಾರಿನಲ್ಲಿ ಕುಳಿತರು. ಕುತ್ತಿಗೆ ಬಾಗದಂತೆ, ನೆಟ್ಟಗೆ, ನಾನೂ ನೀನೂ ತೋಳು ಹಿಡಿದು ಸೀಟಿಗೆ ಇಳಿಸಿದೆವು. ನೀನು ಭಾಲ್ಕಿಯವರೆಗೆ ಓಡಿಸಿದೆ. ದಾರಿಯುದ್ದಕ್ಕೂ ಅಬ್ಬಾ ಎಮ್ಮೆಗಳಿಗೆ ಬಾಯಲ್ಲೇ ಹಾರ್ನ್ ಹಾಕಿದರಂತೆ. ಗಡ್ಡ ಗಾಳಿಗೆ ಹಾರುವ ಆ ಫೋಟೋವನ್ನು ನೀನು ಇವತ್ತಿಗೂ ಮೊಬೈಲಿನಲ್ಲಿ ಕಂಡವರಿಗೆಲ್ಲ ತೋರಿಸುತ್ತೀ. ಟಾಪು ಇದ್ದಿದ್ದರೆ ಆ ಫೋಟೋ ಎಲ್ಲಿತ್ತು? ಹೇಳು! ಆ ಒಂದು ಸವಾರಿಗೆ ನಾನು ಯಾರ ಮುಂದೆಯೂ ತಲೆ ತಗ್ಗಿಸುವುದಿಲ್ಲ.

ಆದರೆ ಆ ಟಾಪು ಯೂಸುಫನ ಅಷ್ಟು ವರ್ಷಗಳ ಕಾಳಜಿಗೆ ಇದ್ದ ಒಂದೇ ಸಾಕ್ಷಿ. ಅದನ್ನು ಗುಜರಿಗೆ ಹಾಕಿ, ಮೇಲೆ ಅವನನ್ನೇ ಬೇಜವಾಬ್ದಾರ ಎನಿಸಿದೆ. ಅವನು ಹೆಂಡತಿಯ ಊರಾದ ಔರಾದಿಗೆ ಹೋಗಿ ಕಿರಾಣಿ ಅಂಗಡಿ ಹಾಕಿದ. ಅಬ್ಬಾನ ಮಣ್ಣಿಗೆ ಬಂದವನು ಖಬರಸ್ತಾನದಿಂದಲೇ ಹಿಂತಿರುಗಿದ, ನಿನ್ನ ಹೊಸ್ತಿಲು ತುಳಿಯಲಿಲ್ಲ. ಆಗಲೂ ನಾನು ಬಾಯಿ ಬಿಡಲಿಲ್ಲ.

ಮೊನ್ನೆ ಮಗಳ ಮದುವೆಗೆಂದು ಪಾಲಿಶ್ ಮಾಡಿಸಲು ಕಾರು ತಂದೆಯಲ್ಲ — ಯೂಸುಫನಿಗೆ ಕಾರ್ಡು ಕೊಟ್ಟೆಯಾ ಎಂದು ಕೇಳಿದೆ. “ತಾಡಪತ್ರಿ ಹೊಚ್ಚದವಗ ಮದುವಿ ಕಾರ್ಡ್ ಯಾಕ?” ಎಂದು ನಕ್ಕೆ. ನಿನಗೆ ಅದು ಹಳೆಯ ತಮಾಷೆ. ನನ್ನ ಸುಳ್ಳು ನಿನ್ನ ಮನೆಯಲ್ಲಿ ತಮಾಷೆಯಾಗಿ ಬೆಳೆದುನಿಂತಿತ್ತು.

ಭಾನುವಾರ ಚರ್ಚು ಮುಗಿಸಿ ನೇರ ಔರಾದಿನ ಬಸ್ಸು ಹತ್ತಿದೆ. ಸಂತಪುರ ಬಂದಾಗ ಇಳಿದು ವಾಪಸ್ ಹೋಗಿಬಿಡೋಣ ಅನ್ನಿಸಿದ್ದೂ ನಿಜ. ಯೂಸುಫ್ ತೊಗರಿಬೇಳೆ ತೂಗುತ್ತಿದ್ದ. ಗಿರಾಕಿಗಳ ಮುಂದೆಯೇ ಎಲ್ಲ ಹೇಳಿದೆ. ಅವನು ಬೇಳೆಯನ್ನು ಪೊಟ್ಟಣಕ್ಕೆ ಸುರಿದು, ಕಟ್ಟಿ, ಕೊಟ್ಟು, ಆಮೇಲೆ ಕೇಳಿದ:

“ಪ್ರಭು ಭಯ್ಯಾ, ಅಬ್ಬಾಗ ಇದು ಹೇಳಿದ್ಯಾ?”

“ಇಲ್ಲ.”

“ಅಂದ್ರ ನಾನೇ ಕೆಡಿಸೀನಿ ಅಂತ ತಿಳ್ಕೊಂಡೇ ಹೋದ್ರು.”

ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ. ತಕ್ಕಡಿ ಒರೆಸಿಟ್ಟು, “ಚಾ ಕುಡೀತೀರೇನ್ರಿ?” ಎಂದ. ಚಡ್ಡಿ ಹಾಕಿಕೊಳ್ಳುವ ವಯಸ್ಸಿನಿಂದ ನನ್ನನ್ನು ನೀನು ಎಂದೇ ಕರೆದ ಹುಡುಗ. ಊರೆಲ್ಲ ಮರ್ಯಾದೆಗೆ ಆಡುವ ಆ ‘ರಿ’ ನನ್ನನ್ನು ಅವನ ಅಂಗಡಿಯ ಹೊರಗೆ ನಿಲ್ಲಿಸಿತು. ಚಹಾ ಕುಡಿಯದೆ ಬಂದೆ.

ಸಲೀಮ, ಈ ಶುಕ್ರವಾರ ನಮಾಜಿನ ನಂತರ ಮದುವೆಯ ಮಾತಿಗೆ ನಿನ್ನ ಮನೆಯಲ್ಲಿ ಹಿರಿಯರೆಲ್ಲ ಸೇರುತ್ತಾರಂತೆ. ನಿನ್ನ ಮಾವ, ಷಡ್ಡಕ ಇಬ್ಬರೂ ಇರುತ್ತಾರೆ. ನಾನೂ ಬರುತ್ತೇನೆ. ಕಾಗದದಲ್ಲಿ ಗೊತ್ತಾಯಿತಲ್ಲ, ಇಷ್ಟಕ್ಕೇ ಮುಗಿಸೋಣ ಎಂದು ಫೋನು ಮಾಡಬೇಡ. ನೀನು ಯೂಸುಫನಿಗೆ ಬೈದದ್ದು ಅವರ ಎದುರಿಗೆ. ನಾನು ಸುಮ್ಮನಿದ್ದದ್ದೂ ಅವರ ಎದುರಿಗೆ. ಹೇಳಬೇಕಾದದ್ದೂ ಅಲ್ಲಿಯೇ. ನನಗೆಂದು ಕುರ್ಚಿ ಹಾಕಿಸಬೇಡ. ನಿಂತೇ ಹೇಳುತ್ತೇನೆ.