ಹೆಸರು ಮುಚ್ಚಿದ ಅರ್ಜಿ

ನಮ್ಮ ಮೆಂಬರ್ರು ಸೋತು ಮಾಜಿಯಾದವರಲ್ಲ. ಜಿಲ್ಲಾ ಪಂಚಾಯ್ತಿಯ ಅವಧಿ ಮುಗಿಯಿತು, ಚುನಾವಣೆ ಈ ವರ್ಷ ಬರುತ್ತೆ, ಮುಂದಿನ ವರ್ಷ ಬರುತ್ತೆ ಎಂದು ಕಾಯುತ್ತ ಕಾಯುತ್ತ ಕೂತಲ್ಲೇ ಮಾಜಿಯಾಗಿಬಿಟ್ಟರು. ಸೋತವನಿಗೆ ಬೈದು ಸಮಾಧಾನ ಮಾಡಿಕೊಳ್ಳೋಕಾದರೂ ಒಬ್ಬ ಎದುರಾಳಿ ಇರುತ್ತಾನೆ, ಇವರಿಗೆ ಅದೂ ಇರಲಿಲ್ಲ. ಅಜ್ಜಂಪುರದ ಬಸ್ ನಿಲ್ದಾಣದ ಹತ್ತಿರ ಗೊಬ್ಬರದ ಅಂಗಡಿಯ ಮೇಲಿನ ಕೋಣೆ ಅವರ ಆಫೀಸು. ಅಲ್ಲಿ ಹತ್ತು ವರ್ಷ ಜನರ ಅರ್ಜಿ ಬರೆದವನು ನಾನು. ಜನ ನನ್ನನ್ನು ರೈಟ್ರು ಅನ್ನುತ್ತಿದ್ದರು, ಈಗಲೂ ಅನ್ನುತ್ತಾರೆ.

ಮೆಂಬರ್ರ ದೊಡ್ಡ ಆಸ್ತಿ ಎಂದರೆ ಹೆಸರಿನ ನೆನಪು. ಹಿರೇನಲ್ಲೂರು ಕಡೆಯ ಯಾವುದೋ ಮದುವೆಯಲ್ಲಿ ಒಮ್ಮೆ ಕೈಮುಗಿದವನನ್ನು ಮೂರು ವರ್ಷದ ಮೇಲೆ ತರೀಕೆರೆ ಆಸ್ಪತ್ರೆ ಮುಂದೆ ಕಂಡರೆ, ಅವನ ಹೆಸರು, ಅಪ್ಪನ ಹೆಸರು, ಮನೆತನದ ಅಡ್ಡಹೆಸರು ಮೂರನ್ನೂ ಸೇರಿಸಿ ಕರೆಯುತ್ತಿದ್ದರು. ಆ ಮನುಷ್ಯ ಬಂದ ಕೆಲಸವನ್ನೇ ಮರೆತು ನಿಂತುಬಿಡುತ್ತಿದ್ದ. ‘ಹೆಸ್ರು ಹಿಡಿದು ಕರೆಯೋದೇ ಕಣೋ ರಾಜಕೀಯ, ಉಳಿದಿದ್ದೆಲ್ಲ ಕಾಗದ’ ಎಂದು ನನಗೆ ಎಷ್ಟೋ ಸಲ ಹೇಳಿದ್ದರು. ಆ ಉಳಿದ ಕಾಗದವೇ ನನ್ನ ಪಾಲಿನದು. ಅರ್ಜಿಯ ತಲೆಯಲ್ಲಿ ಅರ್ಜಿದಾರನ ಹೆಸರು, ತಂದೆಯ ಹೆಸರು, ಊರು, ಹೋಬಳಿ ದಪ್ಪ ಅಕ್ಷರದಲ್ಲಿ ಬರೆದು ಕೆಳಗೊಂದು ಗೆರೆ ಎಳೆಯುತ್ತಿದ್ದೆ. ಕಂಪ್ಯೂಟರ್ ಬಂದ ಮೇಲೂ ನಾನು ಕೈಬರಹ ಬಿಡಲಿಲ್ಲ, ನನ್ನ ಅಕ್ಷರದ ಮೇಲೆ ನನಗೆ ಅಷ್ಟು ಜಂಬ.

ಅಧಿಕಾರ ಹೋದ ಮೇಲೆ ಮೆಂಬರ್ರು ಎರಡು ವರ್ಷ ಮನೆ ಹಿಡಿದರು. ಆಮೇಲೆ ಬೆಂಗಳೂರಿನ ಒಂದು ಸಂಸ್ಥೆ ಅವರನ್ನು ಕರೆಸಿಕೊಂಡಿತು. ಸರ್ಕಾರ ಹೇಗೆ ನಡೆಯಬೇಕೆಂದು ಯೋಚಿಸಿ ವರದಿ ಬರೆಯುವುದು ಅದರ ಕಸುಬು. ದೊಡ್ಡ ಕಂಪನಿಗಳ ದತ್ತಿಯಿಂದ, ಹೊರದೇಶದ ದಾನಿಗಳ ನೆರವಿನಿಂದ ನಡೆಯುತ್ತದಂತೆ. ನೆಲದ ಮೇಲೆ ಓಡಾಡಿದವರು ನಿಮ್ಮಲ್ಲಿ ಯಾರಿದ್ದಾರೆ ಎಂದು ದಾನಿಗಳು ಕೇಳುತ್ತಾರಂತೆ, ಅದಕ್ಕೆ ಇಂಥ ಮಾಜಿಗಳು ಬೇಕು. ಮೆಂಬರ್ರು ಅಲ್ಲಿ ಹಿರಿಯ ಸಲಹೆಗಾರರಾದರು. ಊರಲ್ಲಿ ಕೆಲವರು ನಕ್ಕರು, ನಾನು ಸಂತೋಷಪಟ್ಟೆ. ಇಷ್ಟು ವರ್ಷ ನಮ್ಮ ಜನ ಹೇಳಿಕೊಂಡದ್ದು ಈಗಲಾದರೂ ದೊಡ್ಡವರ ಕಿವಿಗೆ ಬೀಳುತ್ತದಲ್ಲ ಅನ್ನಿಸಿತ್ತು.

ಒಂದು ಬೆಳಿಗ್ಗೆ ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡು ಕಾರಿನಲ್ಲಿ ಬಂದರು. ಹಳೆಯ ಅರ್ಜಿಗಳೆಲ್ಲ ಬೇಕು, ಹಳ್ಳಿಯ ಜನ ಸರ್ಕಾರದಿಂದ ಏನು ಕೇಳುತ್ತಾರೆ, ಹೇಗೆ ಕೇಳುತ್ತಾರೆ ಎಂಬುದರ ಅಧ್ಯಯನ ನಡೆಯುತ್ತಿದೆ ಎಂದರು. ಊರೂರಿಗೆ ಒಂದೊಂದು ಕಟ್ಟು ಮಾಡಿ, ಬಟ್ಟೆಯಲ್ಲಿ ಸುತ್ತಿ, ಬೀರುವಿನಲ್ಲಿ ಇಟ್ಟಿದ್ದೆ. ಎಲ್ಲವನ್ನೂ ನಾನೇ ಕೆಳಗಿಳಿಸಿ ಕಾರಿಗೆ ತುಂಬಿದೆ.

ಇಲ್ಲಿ ನನ್ನ ತಪ್ಪನ್ನು ಹೇಳಿಬಿಡಬೇಕು. ಒಂದು ಕಟ್ಟಿನ ಮೇಲೆಯೇ ನಮ್ಮ ಹತ್ತಿರದ ಒಂದು ಕೇರಿಯವರ ಅರ್ಜಿ ಇತ್ತು. ಆ ಕೇರಿಗೆ ಸ್ಮಶಾನವಿಲ್ಲ. ಸತ್ತವರನ್ನು ಗೋಮಾಳದ ಒಂದು ಮೂಲೆಯಲ್ಲಿ ಹೂಳುತ್ತಾರೆ, ಅದನ್ನು ಸ್ಮಶಾನಕ್ಕೆಂದು ಬರೆದುಕೊಡಿ ಎಂದು ಕೇಳಿದ್ದರು. ನಾವಿನ್ನೂ ತರೀಕೆರೆ ತಾಲ್ಲೂಕಿನಲ್ಲಿದ್ದಾಗ ಅಲ್ಲಿನ ಅಮಲ್ದಾರರು, ಅಂದರೆ ತಹಶೀಲ್ದಾರರು, ಸ್ಥಳಕ್ಕೆ ಬಂದು ನೋಡಿ, ಅದೇ ಅರ್ಜಿಯ ಅಂಚಿನಲ್ಲಿ ಜಾಗ ಕಾಯ್ದಿರಿಸಬಹುದೆಂದು ಷರಾ ಬರೆದು, ಸಹಿ ಮಾಡಿ ಮೊಹರು ಒತ್ತಿದ್ದರು. ಅದು ಮೂಲ ಪ್ರತಿ, ಜೋಪಾನವಾಗಿರಲಿ ಎಂದು ಕೇರಿಯವರು ನಮ್ಮಲ್ಲೇ ಬಿಟ್ಟಿದ್ದರು. ಅದನ್ನು ಬೇರೆ ತೆಗೆದಿಡಬೇಕು ಎಂದು ಕೈ ಮುಂದೆ ಹೋಯಿತು. ಆದರೆ ಅದು ನಾನು ಬರೆದ ಅರ್ಜಿಗಳಲ್ಲೇ ಚಂದದ ಅರ್ಜಿ. ಬೆಂಗಳೂರಿನ ದೊಡ್ಡವರು ನೋಡಲಿ ಎಂದು ಹಾಗೇ ಬಿಟ್ಟೆ. ನನ್ನ ಅಕ್ಷರದ ಜಂಬ ಒಂದು ಕೇರಿಯ ಸತ್ತವರಿಗಿಂತ ದೊಡ್ಡದಾಯಿತು.

ಆರು ತಿಂಗಳಾಗಿರಬೇಕು, ಆ ಕೇರಿಯವರೆಲ್ಲ ಅಕ್ಕ ಎಂದು ಕರೆಯುವವರೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ನಾನು ಆಗಲೇ ತಾಲ್ಲೂಕು ಕಚೇರಿ ಹತ್ತಿರ ಒಂದು ಮಳಿಗೆ ಹಿಡಿದು ಆನ್‌ಲೈನ್ ಅರ್ಜಿ ತುಂಬುವ ಕೆಲಸ ಶುರುಮಾಡಿದ್ದೆ. ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದು ನಿವೃತ್ತರಾದ ಹೆಂಗಸು ಅವರು, ಸ್ಮಶಾನದ ಅರ್ಜಿಗೆ ಮೊದಲ ಸಹಿ ಹಾಕಿದ್ದು ಅವರ ಗಂಡ. ಆ ಮನುಷ್ಯನನ್ನೂ ಆಮೇಲೆ ಅದೇ ಮೂಲೆಯಲ್ಲಿ ಹೂತರು. ಅಕ್ಕನ ಕೈಯಲ್ಲಿ ಒಂದು ನೋಟೀಸು ಇತ್ತು. ಪಕ್ಕದ ಜಮೀನಿನವರು ಆ ಮೂಲೆಯೂ ಸೇರಿದಂತೆ ಗೋಮಾಳವನ್ನು ತಾವು ಉಳುತ್ತಿದ್ದೇವೆಂದು, ತಮ್ಮ ಹೆಸರಿಗೆ ಸಕ್ರಮ ಮಾಡಿಕೊಡಿ ಎಂದು ಬಗರ್‌ಹುಕುಂನಲ್ಲಿ ಕೇಳಿದ್ದರು. ಕೇರಿಯವರ ಫೈಲು, ಅಜ್ಜಂಪುರ ಹೊಸ ತಾಲ್ಲೂಕಾಗಿ ಕಡತಗಳು ಬರುವಾಗ ಎಲ್ಲೋ ತಪ್ಪಿಹೋಗಿತ್ತು. ಅಮಲ್ದಾರರ ಷರಾ ಇರುವ ಕಾಗದ ಯಾವುದಾದರೂ ಇದ್ದರೆ ವಿಚಾರಣೆಯ ದಿನ ತನ್ನಿ, ಇಲ್ಲದಿದ್ದರೆ ನಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಹೊಸ ಅಧಿಕಾರಿ ಹೇಳಿದ್ದರಂತೆ.

‘ನಿಮ್ಮತ್ರ ಐತಲ್ಲ ಅಂತ ಧೈರ್ಯವಾಗಿದೀನಿ ರೈಟ್ರೇ’ ಎಂದರು ಅಕ್ಕ.

ಮೆಂಬರ್ರ ಹತ್ತಿರ ಇದೆ, ತಂದುಕೊಡುತ್ತೇನೆ ಎಂದೆ. ಕೊಟ್ಟುಬಿಟ್ಟೆ ಎಂದು ಹೇಳುವ ಧೈರ್ಯ ಬರಲಿಲ್ಲ. ಮಾರನೇ ದಿನವೇ ರೈಲು ಹತ್ತಿದೆ.

ಆ ಸಂಸ್ಥೆಯಲ್ಲಿ ಎಲ್ಲ ಗಾಜು. ಮಾತು ಕೂಡ ಚಪ್ಪಲಿ ಬಿಟ್ಟು ಓಡಾಡಿದ ಹಾಗೆ ಮೆಲ್ಲಗೆ. ಮೆಂಬರ್ರು ನನ್ನ ಹೆಗಲ ಮೇಲೆ ಕೈಹಾಕಿ ಒಳಗೆ ಕರೆದುಕೊಂಡು ಹೋಗಿ, ಇವರೇ ನಮ್ಮ ಅರ್ಜಿಗಳ ಶಿಲ್ಪಿ ಎಂದು ಒಬ್ಬ ಸಂಶೋಧಕಿಗೆ ಪರಿಚಯಿಸಿದರು. ಆಕೆ ಎದ್ದು ನಿಂತು ಕೈಮುಗಿದರು, ನೀರು ತಂದುಕೊಟ್ಟರು, ನಿಮ್ಮ ಅಕ್ಷರ ಎಷ್ಟು ಚಂದ ಸರ್ ಎಂದರು. ಈ ಮಾತು ಕೇಳೋಕೆ ತಾನೇ ನಾನು ಆ ಕಾಗದ ಬಿಟ್ಟಿದ್ದು! ಈಗ ಕಿವಿಗೆ ಸೀಸ ಹೊಯ್ದ ಹಾಗಾಯಿತು. ಕೇರಿಯ ಅರ್ಜಿ ಯಾವುದೆಂದು ವಿವರಿಸಿದೆ. ಆಕೆ ಹುಡುಕಿ ಕಂಪ್ಯೂಟರಿನಲ್ಲಿ ತೆರೆದರು.

ನನ್ನ ಅಕ್ಷರವೇ. ಆದರೆ ಹೆಸರಿದ್ದ ಕಡೆಯೆಲ್ಲ ಕಪ್ಪು. ಊರು ಕಪ್ಪು, ಸರ್ವೆ ನಂಬರ್ ಕಪ್ಪು, ಸಹಿಗಳು, ಹೆಬ್ಬೆಟ್ಟುಗಳು ಕಪ್ಪು. ಅಂಚಿನ ಷರಾದಲ್ಲಿ ಎರಡು ಸಾಲು ಉಳಿದಿತ್ತು, ಕೆಳಗೆ ಅಮಲ್ದಾರರ ಸಹಿ ಮತ್ತು ಮೊಹರಿನ ಮೇಲೆ ಅದೇ ಕಪ್ಪು. ಅಧಿಕಾರಿಯೂ ಒಬ್ಬ ವ್ಯಕ್ತಿಯೇ ಅಲ್ಲವೇ ಸರ್ ಎಂದರು ಆಕೆ. ಯಾರ ಗುರುತೂ ಹೊರಬಿದ್ದು ಯಾರಿಗೂ ತೊಂದರೆಯಾಗಬಾರದು, ದಾನಿಗಳ ನಿಯಮ ಬಹಳ ಕಟ್ಟುನಿಟ್ಟು ಎಂದು ಬಿಡಿಸಿ ಹೇಳಿದರು. ಕಪ್ಪು ಬಳಿಯದ ಪ್ರತಿ ಇಟ್ಟುಕೊಳ್ಳುವಂತಿಲ್ಲವಂತೆ. ಮೂಲ ಕಾಗದಗಳನ್ನು ಅದೇ ನಿಯಮದ ಪ್ರಕಾರ ಯಂತ್ರಕ್ಕೆ ಕೊಟ್ಟು ಚೂರು ಮಾಡಿದ್ದರು. ಆಕೆಯ ಮುಖದಲ್ಲಿ ಕೆಟ್ಟತನದ ಸುಳಿವೂ ಇರಲಿಲ್ಲ. ಮಕ್ಕಳ ತಲೆ ಬಾಚುವಷ್ಟು ಜೋಪಾನವಾಗಿ ಆ ಕೆಲಸ ಮಾಡಿದ್ದರು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಕಪ್ಪಿನ ಉದ್ದ ನೋಡಿಯೇ ಇದು ಇಂಥವರ ಹೆಸರು, ಇದು ಅವರ ತಂದೆಯದು ಎಂದು ಹೇಳಬಲ್ಲವನಾಗಿದ್ದೆ, ಹೇಳಿ ಪ್ರಯೋಜನವೇನು.

ಮೆಂಬರ್ರನ್ನು ಹೊರಗೆ ಕರೆದು ವಿಷಯ ಹೇಳಿದೆ. ಅವರ ಮುಖ ಇಳಿಯಿತು, ಅದು ನಟನೆಯಲ್ಲ. ಹಾಗಾದರೆ ಒಂದು ಪತ್ರ ಕೊಡಿ ಅಣ್ಣ ಎಂದೆ. ಅಮಲ್ದಾರರು ಬಂದು ನೋಡಿದಾಗ ನೀವು ಜೊತೆಗಿದ್ದಿರಿ, ಷರಾ ಬರೆದದ್ದು ನಿಮ್ಮ ಕಣ್ಣೆದುರು, ಅಷ್ಟನ್ನೇ ಬರೆದು ಸಹಿ ಮಾಡಿ ಸಾಕು. ಒಂದು ಕಾಲಕ್ಕೆ ಈ ಮನುಷ್ಯ ಮೇಷ್ಟ್ರ ವರ್ಗಾವಣೆಗೆ, ಹಾಸ್ಟೆಲ್ ಸೀಟಿಗೆ, ಕಂಬದ ಬಲ್ಬಿಗೆ ದಿನಕ್ಕೆ ಹತ್ತು ಪತ್ರಕ್ಕೆ ಸಹಿ ಹಾಕುತ್ತಿದ್ದರು. ಈಗ ಕೊರಳಿನ ಚೀಟಿಯನ್ನು ಹಿಡಿದು ತಿರುಗಿಸುತ್ತ ನಿಂತರು.

‘ಆಗಲ್ಲ ಕಣೋ. ಇಲ್ಲಿ ಇರೋವರ್ಗೂ ಯಾವ ಅಧಿಕಾರಿಗೂ ಶಿಫಾರಸು ಮಾಡಲ್ಲ ಅಂತ ಬರ್ಕೊಟ್ಟಿದೀನಿ. ಸಂಸ್ಥೆ ಒಂದ್ ಕಡೆಗೆ ವಾಲ್ತು ಅಂದ್ರೆ ದಾನಿಗಳು ಕೈ ಬಿಡ್ತಾರೆ.’

ಇದು ಶಿಫಾರಸಲ್ಲ, ಕಂಡದ್ದನ್ನು ಕಂಡೆ ಅನ್ನುವುದು ಎಂದೆ. ಅವರು ಒಳಗೆ ಹೋಗಿ ಬಂದರು. ಹೊಳಪು ಕಾಗದದ ವರದಿಯೊಂದನ್ನು ನನ್ನ ಚೀಲಕ್ಕೆ ಹಾಕಿ, ಆಟೋ ತನಕ ಬಂದು ಕಳಿಸಿದರು. ಕಪ್ಪು ಬಳಿದ ಆ ಅರ್ಜಿಯ ಚಿತ್ರ ಅದರಲ್ಲಿ ಇಡೀ ಪುಟ ಅಚ್ಚಾಗಿತ್ತು.

ಊರಿಗೆ ಬಂದವನು ಅಕ್ಕನ ಮನೆಗೇ ಹೋದೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಅವರ ಗಂಡನ ಫೋಟೋ. ನಿಂತುಕೊಂಡೇ ಎಲ್ಲ ಹೇಳಿದೆ. ಕಾಗದ ಕೊಟ್ಟವನು ನಾನೇ, ಯಾಕೆ ಕೊಟ್ಟೆ ಎಂಬುದನ್ನೂ ಮುಚ್ಚಿಡಲಿಲ್ಲ. ಅವರು ಬೈದಿದ್ದರೆ ಹಗುರಾಗುತ್ತಿದ್ದೆ, ಬೈಯಲಿಲ್ಲ. ವರದಿಯ ಆ ಪುಟವನ್ನು ಬೆಳಕಿಗೆ ಹಿಡಿದು, ಕಪ್ಪಿನ ಮೇಲೆ ಬೆರಳಾಡಿಸಿ, ಇದನ್ನು ಯಾಕೆ ಹೀಗೆ ಮಾಡಿದ್ದಾರೆ ಎಂದು ಕೇಳಿದರು. ನಿಮ್ಮ ಹೆಸರು ಯಾರಿಗೂ ಗೊತ್ತಾಗಬಾರದು ಅಂತ ಎಂದೆ.

‘ಗೊತ್ತಾಗ್ಲಿ ಅಂತ ತಾನೇ ರೈಟ್ರೇ ನಾವು ಅರ್ಜಿ ಕೊಟ್ಟಿದ್ದು?’

ಆಮೇಲೆ ಅವರೇ ದಾರಿ ತೋರಿಸಿದರು. ಹೊಸ ಹಾಳೆ ತೆಗೆಯಿರಿ, ಬದುಕಿರುವವರ ಹೆಸರು ಬೇಡ, ಅಲ್ಲಿ ಹೂತವರ ಹೆಸರು ಬರೆಯಿರಿ ಎಂದರು. ಉಳುವ ನೆಲದಲ್ಲಿ ಇಷ್ಟು ಜನರನ್ನು ಹೂಳೋಕಾಗುತ್ತಾ ಎಂದು ಸಾಹೇಬರೇ ನೋಡಲಿ. ಕೇರಿಯ ನಾಲ್ಕೈದು ಹಿರಿಯರು ಬಂದು ಕೂತರು. ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಸಿಕೊಂಡರು. ಹೆರಿಗೆಯಲ್ಲಿ ಹೋದ ಸೊಸೆ, ಹೆಸರಿಡುವ ಮೊದಲೇ ಹೋದ ಮಗು, ಲಾರಿಗೆ ಸಿಕ್ಕ ಡ್ರೈವರು. ಮೊದಲ ಹೆಸರು ತಮ್ಮ ಗಂಡನದೇ ಆಗಲಿ ಎಂದು ಅಕ್ಕ ಹೇಳಿದರು. ಮಗುವಿಗೆ ತಾಯಿಯ ಹೆಸರು ಬರೆದೆ. ಅಕ್ಷರ ಚಂದ ಬರಲಿ ಎಂದು ಈ ಸಲ ನಾನು ಮನಸ್ಸು ಮಾಡಲಿಲ್ಲ, ಆದರೂ ಪ್ರತಿ ಹೆಸರಿನ ಕೆಳಗೂ ಗೆರೆ ಎಳೆದೆ.

ವಿಚಾರಣೆಯ ದಿನ ಅಧಿಕಾರಿ ಆ ಪಟ್ಟಿಯನ್ನು ಎರಡು ಸಲ ಓದಿದರು. ಇದು ದಾಖಲೆಯಾಗುತ್ತೋ ಇಲ್ಲವೋ ಹೇಳಲಾರೆ, ಸ್ಥಳಕ್ಕೆ ಬಂದು ನೋಡುತ್ತೇನೆ ಎಂದು ಮುಂದಕ್ಕೆ ಹಾಕಿದರು. ಇನ್ನೂ ಬಂದಿಲ್ಲ. ಆ ಮೂಲೆಯ ಪಕ್ಕದವರೆಗೂ ಟ್ರ್ಯಾಕ್ಟರ್ ಬಂದು ಹೋಗುತ್ತಿದೆ.

ಮೊನ್ನೆ ಮೆಂಬರ್ರ ಫೋನು ಬಂತು. ಸತ್ತವರ ಹೆಸರಿನ ಅರ್ಜಿಯ ಸುದ್ದಿ ಅವರಿಗೆ ಹೇಗೋ ಮುಟ್ಟಿತ್ತು. ಇಂಥದ್ದನ್ನು ತಾನು ಕಂಡೇ ಇಲ್ಲ, ಒಂದು ಪ್ರತಿ ಕಳಿಸು, ಹೆಸರನ್ನೆಲ್ಲ ಮುಚ್ಚಿಸುತ್ತೇನೆ, ಭಯ ಬೇಡ ಎಂದರು. ನನಗೆ ರೇಗಿತು. ಪಟ್ಟಿಯಲ್ಲಿ ಮೊದಲನೆಯದು ಅಕ್ಕನ ಗಂಡನ ಹೆಸರು, ಅದೇನೆಂದು ಹೇಳಿ, ಕಳಿಸುತ್ತೇನೆ ಎಂದೆ. ಅವರಿಗೆ ಮರೆತಿರುತ್ತದೆ, ಆ ನೆಪದಲ್ಲಿ ನಾಲ್ಕು ಮಾತು ಅನ್ನಬಹುದು ಎಂಬುದು ನನ್ನ ಲೆಕ್ಕ.

ಮರೆತಿರಲಿಲ್ಲ. ಅಕ್ಕನ ಗಂಡನ ಹೆಸರು, ಅವರ ಅಪ್ಪನ ಹೆಸರು, ಕೇರಿಯಲ್ಲಿ ಕರೆಯುವ ಅಡ್ಡಹೆಸರು ಮೂರನ್ನೂ ಮೊದಲಿನಂತೆಯೇ ಒಂದೇ ಉಸಿರಿಗೆ ಹೇಳಿದರು. ‘ಮಣ್ಣಿಗೆ ನಾನೂ ಬಂದಿದ್ನಲ್ಲೋ’ ಎಂದರು.

ಇಷ್ಟು ನೆನಪಿದೆಯಲ್ಲ ಅಣ್ಣ, ಇಷ್ಟನ್ನೇ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ ಕಳಿಸಿ ಎಂದೆ.

‘ನೋಡ್ತೀನಿ ಕಣೋ’ ಎಂದರು.

ಹತ್ತು ವರ್ಷ ಅವರು ಜನರಿಗೆ ಆ ಮಾತು ಹೇಳುವಾಗ ಪಕ್ಕದಲ್ಲಿ ಕೂತು ಕೇಳಿದ್ದೇನೆ. ನನಗೆ ಹೇಳಿದ್ದು ಅದೇ ಮೊದಲು.