ಹುಣಸೆ ಬೀಜದಷ್ಟು ರೋಗ

ಕಂಗ್ಟಿಯ ಕುರಿಗಾರ ಶಿವರಾಯನಿಗೆ ಸಣ್ಣದೆಂದರೆ ಮೊದಲಿನಿಂದಲೂ ತಾತ್ಸಾರ. ಅವನ ರುಮಾಲು ದೊಡ್ಡದು, ಟಗರು ದೊಡ್ಡದು, ಊರವರ ಪ್ರಕಾರ ಬಾಯಿ ಇನ್ನೂ ದೊಡ್ಡದು. ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಮೂತ್ರದಲ್ಲಿ ರಕ್ತ ಕಂಡು ಅವನು ಹೈದರಾಬಾದಿಗೆ ಹೋದ. ಮೂತ್ರಪಿಂಡದಲ್ಲಿ ಹುಣಸೆ ಬೀಜದಷ್ಟು ಕ್ಯಾನ್ಸರ್ ಗಡ್ಡೆ ಇದೆಯೆಂದು ಡಾಕ್ಟರು ಹೇಳಿದ್ದು ಅವನಿಗೆ ಅವಮಾನ ಮಾಡಿದಂತೆ ಕೇಳಿಸಿತು.

"ಇಷ್ಟು ಸಣ್ಣದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಆದರೆ ಕೆಲವರಲ್ಲಿ ಸಣ್ಣದಿದ್ದಾಗಲೇ ಬೇರೆ ಕಡೆ, ಹೆಚ್ಚಾಗಿ ಶ್ವಾಸಕೋಶಕ್ಕೆ, ಹಬ್ಬಿರುತ್ತದೆ. ಆಪರೇಷನ್ನಿಗೆ ಮೊದಲು ಎದೆಯ ಎಕ್ಸ್‌ರೇ ತೆಗೆಸೋಣ," ಎಂದರು ಡಾಕ್ಟರು.

"ರೋಗ ಸೊಂಟದಾಗ ಅದ, ಎದಿ ಫೋಟೋ ಯಾಕ್ರಿ?" ಎಂದು ಶಿವರಾಯ ಎದ್ದುಬಂದು ಊರಿನ ಬಸ್ಸು ಹತ್ತಿದ. ಕಟ್ಟೆಯ ಮೇಲೆ ಕೂತು ಡಾಕ್ಟರನ್ನು ಬೈದದ್ದೇ ಬೈದದ್ದು. "ಹುಣಸಿ ಬೀಜಕ್ಕ ಹೆದರಿ ಎದಿ ತೋರಸಬೇಕಂತ!" ಕೇಳಿದವರೆಲ್ಲ ನಕ್ಕರು.

ಮರುದಿನ ಒಂದು ಕುರಿಯ ತುಟಿಯ ಮೇಲೆ ಸಣ್ಣ ಹುಣ್ಣು ಕಂಡಿತು. ಶಿವರಾಯ ಅದನ್ನು ಬೇರೆ ಕಟ್ಟಿ, ರುಮಾಲು ಬಿಚ್ಚಿಟ್ಟು, ಎಂದಿನಂತೆ ಹಿಂಡಿನ ಒಂದೊಂದೇ ಕುರಿಯ ಬಾಯಿ ತೆರೆದು ನೋಡತೊಡಗಿದ.

"ಹುಣ್ಣು ಒಂದಕ್ಕೇ ಆಗ್ಯಾದ. ಎಲ್ಲಾದರ ಬಾಯಿ ಯಾಕ ನೋಡ್ತೀರಿ?" ಎಂದಳು ಹೆಂಡತಿ ಮೋನಮ್ಮ.

"ನಿನಗೇನು ತಿಳೀತದ? ಸಣ್ಣದಿದ್ರೇನು, ನಮ್ಮ ಕಣ್ಣಿಗೆ ಬೀಳೂದ್ರಾಗ ಹಿಂಡಿಗೇ ಹತ್ತಿರ್ತದ."

"ಹಂಗಾದ್ರ ನಿಮ್ಮ ಎದಿ ಫೋಟೋ ಯಾವಾಗ ತೆಗಸ್ತೀರಿ?"

ಅವನ ಕೈಯಲ್ಲಿದ್ದ ಕುರಿ ಬಾಯಿ ತೆರೆದುಕೊಂಡೇ ನಿಂತಿತ್ತು. ಶಿವರಾಯ ಅದರ ಬಾಯಿ ಬಿಟ್ಟು, ಬಿಚ್ಚಿಟ್ಟ ರುಮಾಲು ಸುತ್ತಿಕೊಳ್ಳುತ್ತ, "ಹೈದರಾಬಾದ್ ಬಸ್ಸು ಎಷ್ಟಕ್ಕದ?" ಎಂದ.